ಡಬ್ಬಿಯ ಮೇಲಿನ ಡೋಸ್ ಬೇರೆ, ರಕ್ತ ಸೇರುವ ಡೋಸ್ ಬೇರೆ: ಮೆನೋಪಾಸ್ ಹಾರ್ಮೋನ್ ಮೈಗೆ ಹತ್ತುವ ಬಗೆ

"ಡಾಕ್ಟರ್ ಹೇಳಿದಷ್ಟೇ ಹಚ್ಚುತ್ತಿದ್ದೇನೆ. ಆದರೂ ರಾತ್ರಿ ಬೆವರು ನಿಂತಿಲ್ಲ." ಮೆನೋಪಾಸ್ ಸಮಯದಲ್ಲಿ ಹಾರ್ಮೋನ್ ಜೆಲ್ ಅಥವಾ ಪ್ಯಾಚ್ ಬಳಸುವ ಎಷ್ಟೋ ಮಹಿಳೆಯರು ಹೀಗೆ ಹೇಳುತ್ತಾರೆ. ಇಷ್ಟು ದಿನ ಇದಕ್ಕೆ ಸಿಗುತ್ತಿದ್ದ ಉತ್ತರಗಳು ಎರಡೇ. ಒಂದು, "ಸ್ವಲ್ಪ ಕಾಯಿರಿ". ಇನ್ನೊಂದು, "ಇದೆಲ್ಲಾ ಮನಸ್ಸಿನ ಒತ್ತಡ". ಮೊದಲನೆಯದು ಕೆಲವೊಮ್ಮೆ ಸರಿ. ಎರಡನೆಯದು ಬಹಳಷ್ಟು ಸಲ ಅನ್ಯಾಯ.

2024ರ ಕೊನೆಯಲ್ಲಿ ಮೆನೋಪಾಸ್ ಕುರಿತ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಬಂತು. ಚರ್ಮದ ಮೂಲಕ ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನ್ ಪಡೆಯುತ್ತಿದ್ದ 1,508 ಮಹಿಳೆಯರ ರಕ್ತದ ಲೆಕ್ಕ ಅದರಲ್ಲಿತ್ತು. ಅನುಮತಿ ಇರುವ ಅತಿ ಹೆಚ್ಚಿನ ಡೋಸ್ ಬಳಸುತ್ತಿದ್ದವರಲ್ಲೂ ಸುಮಾರು ನಾಲ್ವರಲ್ಲಿ ಒಬ್ಬರ ರಕ್ತದಲ್ಲಿ ಎಸ್ಟ್ರಡಯಾಲ್ ಮಟ್ಟ ಲೀಟರಿಗೆ 200 ಪಿಕೋಮೋಲ್‌ಗಿಂತ ಕಡಿಮೆ ಇತ್ತು; ಅಧ್ಯಯನ ಇದನ್ನು ಸಾಲದ ಮಟ್ಟ ಎಂದು ಎಣಿಸಿತ್ತು. ಎಸ್ಟ್ರಡಯಾಲ್ ಎಂದರೆ ಅಂಡಾಶಯ ತಯಾರಿಸುವ ಮುಖ್ಯ ಈಸ್ಟ್ರೋಜೆನ್. ಅದೇ ಅಧ್ಯಯನದಲ್ಲಿ ಬೇರೆ ಕೆಲವರ ಮಟ್ಟ ಆ 200ರ ಹತ್ತು ಪಟ್ಟಿನ ತನಕ ಹೋಗಿತ್ತು.

ಈ ಅಧ್ಯಯನಕ್ಕೆ ಮಿತಿಗಳಿವೆ. ಇದು ಎಲ್ಲರಿಗೂ ಒಂದೇ ಹೊತ್ತಿಗೆ ಜೆಲ್ ಹಚ್ಚಿಸಿ, ಒಂದೇ ಹೊತ್ತಿಗೆ ರಕ್ತ ತೆಗೆದ ಪ್ರಯೋಗ ಅಲ್ಲ. ಕ್ಲಿನಿಕ್‌ಗೆ ಬಂದವರ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಲೆಕ್ಕ. ಆದರೂ ಮುಖ್ಯ ವಿಷಯ ಅಲುಗಾಡುವುದಿಲ್ಲ: ಡಬ್ಬಿಯ ಮೇಲೆ ಬರೆದ ಸಂಖ್ಯೆಯಿಂದ ರಕ್ತದಲ್ಲಿ ಎಷ್ಟಿದೆ ಎಂದು ಹೇಳಲು ಬರುವುದಿಲ್ಲ. ಯಾಕೆ ಹೀಗೆ ಅನ್ನುವುದು ಗೊತ್ತಾದರೆ, ಚಿಕಿತ್ಸೆ ಕೆಲಸ ಮಾಡದಿದ್ದಾಗ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ.

ಮಾತ್ರೆ ನುಂಗಿದರೆ ಏನಾಗುತ್ತದೆ

ಒಂದು ಸರಳ ಹೋಲಿಕೆ ನೋಡಿ. 1 ಮಿಲಿಗ್ರಾಂ ಎಸ್ಟ್ರಡಯಾಲ್ ಮಾತ್ರೆ ಮತ್ತು ದಿನಕ್ಕೆ 50 ಮೈಕ್ರೋಗ್ರಾಂ ಬಿಡುವ ಪ್ಯಾಚ್, ಇವೆರಡನ್ನೂ ವೈದ್ಯರು ಹೆಚ್ಚುಕಡಿಮೆ ಸಮ ಎಂದು ಪರಿಗಣಿಸುತ್ತಾರೆ. 1 ಮಿಲಿಗ್ರಾಂ ಅಂದರೆ 1,000 ಮೈಕ್ರೋಗ್ರಾಂ. ಅಂದರೆ ಮಾತ್ರೆಯಲ್ಲಿ ಇಪ್ಪತ್ತು ಪಟ್ಟು ಜಾಸ್ತಿ ಹಾರ್ಮೋನ್ ಹಾಕಬೇಕಾಗುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಕರುಳಿನ ಗೋಡೆ ಮತ್ತು ಲಿವರ್‌ನಲ್ಲಿ. ನುಂಗಿದ ಯಾವುದೇ ಪದಾರ್ಥ ಕರುಳಿನಿಂದ ಹೊರಟು ನೇರವಾಗಿ ದೇಹಕ್ಕೆಲ್ಲಾ ಹರಡುವುದಿಲ್ಲ. ಒಂದು ದೊಡ್ಡ ರಕ್ತನಾಳ ಅದನ್ನು ಮೊದಲು ಲಿವರ್‌ಗೆ ಒಯ್ಯುತ್ತದೆ. ಲಿವರ್ ಇಲ್ಲಿ ಸುಂಕದ ಕಟ್ಟೆಯ ಹಾಗೆ. ದಾಟಿ ಹೋಗುವ ಪ್ರತಿಯೊಂದರಿಂದಲೂ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಎಸ್ಟ್ರಡಯಾಲ್ ವಿಷಯದಲ್ಲಿ ಈ ಸುಂಕ ಬಲು ದುಬಾರಿ. ನುಂಗಿದ್ದರಲ್ಲಿ ಸುಮಾರು ನೂರಕ್ಕೆ ಐದು ಪಾಲು ಮಾತ್ರ ಎಸ್ಟ್ರಡಯಾಲ್ ರೂಪದಲ್ಲೇ ರಕ್ತಕ್ಕೆ ಸೇರುತ್ತದೆ. ಬಹುಪಾಲು ಎಸ್ಟ್ರೋನ್ ಎಂಬ ದುರ್ಬಲ ಈಸ್ಟ್ರೋಜೆನ್ ಆಗಿ, ಅದರ ಸಲ್ಫೇಟ್ ಆಗಿ ಬದಲಾಗುತ್ತದೆ. ಹಾಗಾಗಿ ಮಾತ್ರೆ ನುಂಗುವವರ ರಕ್ತದಲ್ಲಿ ಎಸ್ಟ್ರೋನ್ ಪ್ರಮಾಣ ಎಸ್ಟ್ರಡಯಾಲ್‌ನ ಸುಮಾರು ಐದು ಪಟ್ಟು ಇರುತ್ತದೆ. ಪ್ಯಾಚ್ ಹಾಕುವವರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಮೆನೋಪಾಸ್‌ಗೆ ಮುಂಚೆ ದೇಹದಲ್ಲಿ ಇದ್ದ ಅನುಪಾತಕ್ಕೆ ಇದೇ ಹತ್ತಿರ.

ಎಸ್ಟ್ರೋನ್ ಪೂರ್ತಿ ವ್ಯರ್ಥ ಅಲ್ಲ. ಅದರ ಸಲ್ಫೇಟ್ ರಕ್ತದಲ್ಲಿ ದಾಸ್ತಾನಿನಂತೆ ಉಳಿದು, ಸ್ವಲ್ಪ ಸ್ವಲ್ಪವೇ ಮತ್ತೆ ಎಸ್ಟ್ರಡಯಾಲ್ ಆಗುತ್ತದೆ. ದಿನಕ್ಕೆ ಒಂದೇ ಮಾತ್ರೆ ಸಾಕಾಗುವುದು ಇದರಿಂದಲೇ. ಪಿತ್ತರಸದ ಜೊತೆ ಕರುಳಿಗೆ ಹೋದ ಸ್ವಲ್ಪ ಭಾಗವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಬಿಡಿಸಿಕೊಡುತ್ತವೆ. ಅದು ಮತ್ತೆ ರಕ್ತಕ್ಕೆ ಮರಳುತ್ತದೆ.

ಮಾತ್ರೆಯ ನಿಜವಾದ ಪ್ರಶ್ನೆ ನಷ್ಟದ್ದಲ್ಲ, ಲಿವರ್ ಮೇಲೆ ಬೀಳುವ ಭಾರದ್ದು. ಅಷ್ಟು ಈಸ್ಟ್ರೋಜೆನ್ ಒಮ್ಮೆಗೇ ಬಂದಾಗ ಲಿವರ್ ತಾನು ತಯಾರಿಸುವ ಹಲವು ಪ್ರೋಟೀನ್‌ಗಳನ್ನು ಹೆಚ್ಚಿಸುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಅದರಲ್ಲಿ ಸೇರಿವೆ. ಟ್ರೈಗ್ಲಿಸರೈಡ್ ಕೊಬ್ಬೂ ಏರುತ್ತದೆ. ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಜಾಸ್ತಿ. ಇನ್ನೊಂದು ಕಡೆ ಕೆಟ್ಟ ಕೊಲೆಸ್ಟ್ರಾಲ್ ಇಳಿದು ಒಳ್ಳೆಯದು ಏರುತ್ತದೆ. ಅದು ಲಾಭವೇ. ಆದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಈ ಲಾಭವನ್ನು ಮಂಕು ಮಾಡಿತು. 2019ರಲ್ಲಿ ಬ್ರಿಟನ್ನಿನ ಆರೋಗ್ಯ ದಾಖಲೆಗಳ ಮೇಲೆ ನಡೆದ ದೊಡ್ಡ ವಿಶ್ಲೇಷಣೆಯಲ್ಲಿ, ಮಾತ್ರೆ ರೂಪದ ಹಾರ್ಮೋನ್ ಬಳಸಿದವರಲ್ಲಿ ಈ ಅಪಾಯ ಸುಮಾರು ಒಂದೂವರೆ ಪಟ್ಟು ಇತ್ತು. ಪ್ಯಾಚ್, ಜೆಲ್ ಬಳಸಿದವರಲ್ಲಿ ಹೆಚ್ಚಳ ಕಾಣಲಿಲ್ಲ. ಫ್ರಾನ್ಸಿನಲ್ಲಿ ಮೊದಲೇ ನಡೆದಿದ್ದ ಅಧ್ಯಯನವೂ ಇದೇ ದಿಕ್ಕಿನಲ್ಲಿತ್ತು. ಇವು ಬಳಸುವವರನ್ನು ಗಮನಿಸಿ ಮಾಡಿದ ಅಧ್ಯಯನಗಳು, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗಗಳಲ್ಲ. ಆದರೆ ದೇಹದೊಳಗಿನ ಕಾರಣವೂ ಅಂಕಿಅಂಶವೂ ಒಂದೇ ಕಡೆ ಕೈ ತೋರಿಸುತ್ತಿವೆ. ಹಾಗಾಗಿಯೇ ತೂಕ ಜಾಸ್ತಿ ಇರುವವರಿಗೆ, ಹಿಂದೆ ಹೆಪ್ಪುಗಟ್ಟುವಿಕೆ ಆಗಿದ್ದವರಿಗೆ, ಟ್ರೈಗ್ಲಿಸರೈಡ್ ಏರಿರುವವರಿಗೆ, ಮೈಗ್ರೇನ್ ಇರುವವರಿಗೆ ಹಾರ್ಮೋನ್ ಕೊಡಬಹುದು ಎಂದು ತೀರ್ಮಾನವಾದಾಗ ವೈದ್ಯರು ಸಾಮಾನ್ಯವಾಗಿ ಚರ್ಮದ ದಾರಿಯನ್ನೇ ಹಿಡಿಯುತ್ತಾರೆ.

ಜನರಲ್ಲಿ ಹಾರ್ಮೋನ್ ಚಿಕಿತ್ಸೆಯ ಭಯ ಹುಟ್ಟಿಸಿದ ಅಮೆರಿಕದ ದೊಡ್ಡ ಪ್ರಯೋಗ, ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್, ಪರೀಕ್ಷಿಸಿದ್ದು ಮಾತ್ರೆಯನ್ನೇ. ಗರ್ಭಿಣಿ ಕುದುರೆಗಳ ಮೂತ್ರದಿಂದ ತೆಗೆದ 0.625 ಮಿಲಿಗ್ರಾಂ ಈಸ್ಟ್ರೋಜೆನ್, ಜೊತೆಗೆ 2.5 ಮಿಲಿಗ್ರಾಂ ಕೃತಕ ಪ್ರೊಜೆಸ್ಟೋಜೆನ್ (ಗರ್ಭಕೋಶ ಕಾಯಲು ಕೊಡುವ, ಪ್ರೊಜೆಸ್ಟರಾನ್ ಮಾದರಿಯ ಹಾರ್ಮೋನ್). ಭಾಗವಹಿಸಿದ್ದ 16,608 ಮಹಿಳೆಯರ ಸರಾಸರಿ ವಯಸ್ಸು 63. 2002ರಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಆ ಫಲಿತಾಂಶ ಸುಳ್ಳಲ್ಲ. ಆದರೆ 50ರ ಹರೆಯದಲ್ಲಿ ಎಸ್ಟ್ರಡಯಾಲ್ ಪ್ಯಾಚ್ ಹಾಕಿಕೊಳ್ಳುವ ಮಹಿಳೆಗೆ ಅದನ್ನು ಹಾಗೆ ಹಾಗೇ ಅಂಟಿಸುವುದು ತಪ್ಪು. ಹಾರ್ಮೋನ್ ಬೇರೆ, ವಯಸ್ಸು ಬೇರೆ, ದೇಹ ಸೇರುವ ದಾರಿಯೂ ಬೇರೆ.

ಚರ್ಮದ ದಾರಿ

ಚರ್ಮ ಇರುವುದೇ ಹೊರಗಿನದನ್ನು ಒಳಗೆ ಬಿಡದಿರಲು. ಅದರ ಮೇಲ್ಪದರ, ಸತ್ತ ಜೀವಕೋಶಗಳ ಪದರ, ದೇಹದ ಬಹುತೇಕ ಕಡೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟೇ ದಪ್ಪ. ಆದರೂ ಕೋಶಗಳ ನಡುವೆ ಕೊಬ್ಬು ತುಂಬಿರುವುದರಿಂದ ನೀರಿನಲ್ಲಿ ಕರಗುವ ಪದಾರ್ಥಗಳು ಅಷ್ಟಾಗಿ ದಾಟುವುದಿಲ್ಲ. 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ದೊಡ್ಡ ಅಣುಗಳಿಗೂ ದಾಟುವುದು ಕಷ್ಟ. ಎಸ್ಟ್ರಡಯಾಲ್ ಅಣುವಿನ ತೂಕ ಸುಮಾರು 272 ಡಾಲ್ಟನ್. ಕೊಬ್ಬಿನಲ್ಲಿ ಕರಗುತ್ತದೆ. ಬಹಳ ಸಣ್ಣ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ. ಚರ್ಮದ ಮೂಲಕ ಕೊಡಲು ಇದಕ್ಕಿಂತ ಹೊಂದುವ ಔಷಧಗಳು ಕಡಿಮೆ.

ಜೆಲ್ ಹಚ್ಚಿದಾಗ ಅದರಲ್ಲಿನ ಆಲ್ಕೋಹಾಲ್ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ. ಹಾರ್ಮೋನ್ ಮೇಲ್ಪದರದಲ್ಲಿ ಉಳಿಯುತ್ತದೆ. ಅಲ್ಲಿಂದ ಗಂಟೆಗಟ್ಟಲೆ ನಿಧಾನವಾಗಿ ಒಳಗಿನ ಸಣ್ಣ ರಕ್ತನಾಳಗಳಿಗೆ ಇಳಿಯುತ್ತದೆ. ಹಚ್ಚಿದ್ದರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ ಅದಕ್ಕೂ ಕಡಿಮೆ ಮಾತ್ರ ರಕ್ತ ಸೇರುತ್ತದೆ. ಈ ಪುಟ್ಟ ಪಾಲಿನಲ್ಲೇ ವ್ಯತ್ಯಾಸದ ಗುಟ್ಟು ಇದೆ. ಒಬ್ಬರಲ್ಲಿ ನೂರಕ್ಕೆ ನಾಲ್ಕು ಪಾಲು, ಇನ್ನೊಬ್ಬರಲ್ಲಿ ಎಂಟು ಪಾಲು ಒಳಗೆ ಹೋಯಿತು ಅಂದುಕೊಳ್ಳಿ. ಕೇಳಲು ಸಣ್ಣ ವ್ಯತ್ಯಾಸ. ಆದರೆ ರಕ್ತದ ಮಟ್ಟ ಎರಡರಷ್ಟಾಯಿತು, ಅಲ್ವಾ?

ಚರ್ಮದ ದಪ್ಪ, ತೇವ, ಹಚ್ಚುವ ಜಾಗದ ರಕ್ತ ಸಂಚಾರ, ಇವೆಲ್ಲಾ ಈ ಪಾಲನ್ನು ಬದಲಿಸುತ್ತವೆ. ಹಚ್ಚಿದ ಅರ್ಧ ಗಂಟೆಯಲ್ಲೇ ತೊಳೆದರೆ ರಕ್ತ ಸೇರುವ ಪ್ರಮಾಣ ಕುಗ್ಗುತ್ತದೆ. ಕನಿಷ್ಠ ಒಂದು ಗಂಟೆ ನೀರು ತಾಗಿಸಬೇಡಿ ಎಂದು ಹೇಳುವುದು ಅದಕ್ಕೇ. ಅದೇ ಜಾಗಕ್ಕೆ ತಕ್ಷಣ ಬಾಡಿ ಲೋಷನ್ ಅಥವಾ ಸನ್‌ಸ್ಕ್ರೀನ್ ಹಚ್ಚಿದರೂ ಲೆಕ್ಕ ತಪ್ಪುತ್ತದೆ. ಒಂದು ವಿಷಯ ಹಲವರಿಗೆ ಆಶ್ಚರ್ಯ ತರಬಹುದು: ಜೆಲ್ಲನ್ನು ಎಷ್ಟು ಅಗಲ ಹರಡಿದರೆ ಅಷ್ಟು ಹೆಚ್ಚು ಒಳಗೆ ಹೋಗುತ್ತದೆ ಎಂದೇನಿಲ್ಲ. ತೀರಾ ಅಗಲಕ್ಕೆ ಹಚ್ಚಿದಾಗ ರಕ್ತದ ಮಟ್ಟ ಕಡಿಮೆಯಾದದ್ದೂ ಇದೆ. ಔಷಧದ ಜೊತೆ ಬರುವ ಕಾಗದದಲ್ಲಿ ಹೇಳಿದ ಜಾಗಕ್ಕೆ, ದಿನವೂ ಅಷ್ಟೇ ಅಗಲಕ್ಕೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಚ್ಚುವುದು ಮುಖ್ಯ. ಸ್ತನಗಳ ಮೇಲೆ ಹಚ್ಚಬಾರದು. ಗಸಗಸ ಉಜ್ಜುವುದೂ ಬೇಕಿಲ್ಲ.

ಚರ್ಮದ ಮೇಲೆ ಉಳಿದ ಹಾರ್ಮೋನ್ ಬೇರೆಯವರಿಗೂ ಅಂಟಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ತೋಳಿಗೆ ಸಿಂಪಡಿಸುವ ಎಸ್ಟ್ರಡಯಾಲ್ ಸ್ಪ್ರೇ ಬಳಸುತ್ತಿದ್ದವರ ಮನೆಯ ಮಕ್ಕಳು ಮತ್ತು ಸಾಕುಪ್ರಾಣಿಗಳ ಮೇಲೆ ಪರಿಣಾಮ ಕಂಡಿದ್ದರಿಂದ 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಡಬೇಕಾಯಿತು. ಹಚ್ಚಿದ ಮೇಲೆ ಕೈ ತೊಳೆಯಬೇಕು. ಆ ಜಾಗ ಆರಿದ ಮೇಲೆ ಬಟ್ಟೆ ಮುಚ್ಚಬೇಕು. ಮಗುವನ್ನು ಎತ್ತಿಕೊಳ್ಳುವವರಿಗೆ ತೋಳಿಗಿಂತ ತೊಡೆಯೇ ವಾಸಿ, ಆ ಜೆಲ್ ತೊಡೆಗೆ ಹಚ್ಚುವಂಥದ್ದಾಗಿದ್ದರೆ.

ಪ್ಯಾಚ್ ಕೆಲಸ ಮಾಡುವ ರೀತಿ ಇದೇ, ಆದರೆ ಹಿಡಿತ ಜಾಸ್ತಿ. ಅಂಟಿನಲ್ಲೇ ಹಾರ್ಮೋನ್ ಬೆರೆತಿರುತ್ತದೆ. ವಾರಕ್ಕೆ ಒಂದು ಅಥವಾ ಎರಡು ಸಲ ಬದಲಿಸಿದರೆ ಸಾಕು. ಹೊಟ್ಟೆಯ ಕೆಳಭಾಗ ಅಥವಾ ಪೃಷ್ಠದ ಮೇಲೆ ಹಾಕುತ್ತಾರೆ. ಬೆವರು ಜಾಸ್ತಿ ಇದ್ದರೆ ಅಂಚು ಎದ್ದು ಬರುತ್ತದೆ. ಎದ್ದ ಭಾಗದಿಂದ ಹಾರ್ಮೋನ್ ಒಳಗೆ ಹೋಗುವುದಿಲ್ಲ. ರಾತ್ರಿ ಬೆವರಿಗೆಂದೇ ಹಾಕಿದ ಪ್ಯಾಚನ್ನು ಅದೇ ಬೆವರು ಕಿತ್ತುಹಾಕುವುದು ನಿಜಕ್ಕೂ ಬೇಸರದ ಸಂಗತಿ. ಜಾಗಕ್ಕೆ ಎಣ್ಣೆ, ಪೌಡರ್ ಸೋಕಿಸದೆ, ಹಾಕಿದ ಮೇಲೆ ಅಂಗೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯುವುದು ಇದಕ್ಕೆ ಉಪಾಯ. ಬಿಸಿ ತಾಗಿದರೆ ಚರ್ಮದ ರಕ್ತ ಸಂಚಾರ ಏರಿ ಹಾರ್ಮೋನ್ ಬೇಗ ಒಳಗೆ ಇಳಿಯುತ್ತದೆ. ಆದ್ದರಿಂದ ಶಾಖ ಕೊಡುವ ಚೀಲವನ್ನು ಪ್ಯಾಚ್ ಮೇಲೆ ಇಡಬಾರದು. ಕಿತ್ತು ಬಿಸಾಡುವ ಪ್ಯಾಚ್‌ನಲ್ಲೂ ಸಾಕಷ್ಟು ಹಾರ್ಮೋನ್ ಉಳಿದಿರುತ್ತದೆ. ಅದನ್ನು ಒಳಮುಖವಾಗಿ ಮಡಚಿ ಮಕ್ಕಳ ಕೈಗೆ ಸಿಗದಂತೆ ಎಸೆಯಬೇಕು.

ಹೀರಿಕೊಳ್ಳುತ್ತಿಲ್ಲವೋ, ಬೇಗ ಖಾಲಿಯಾಗುತ್ತಿದೆಯೋ

"ನಿಮ್ಮ ಮೈ ಹಾರ್ಮೋನ್ ಹೀರಿಕೊಳ್ಳುವುದಿಲ್ಲ" ಎಂದು ಈಗ ಕೆಲವು ಮಹಿಳೆಯರಿಗೆ ಹೇಳಲಾಗುತ್ತಿದೆ. ಈ ಮಾತನ್ನು ಅಷ್ಟು ಸಲೀಸಾಗಿ ಹೇಳಬಾರದು ಎಂದು ನನ್ನ ಅನಿಸಿಕೆ. ರಕ್ತದ ಮಟ್ಟ ಎಂದರೆ ಒಳಗೆ ಬಂದದ್ದರಿಂದ ಹೊರಗೆ ಹೋದದ್ದನ್ನು ಕಳೆದ ಲೆಕ್ಕ. ಚರ್ಮ ಚೆನ್ನಾಗಿ ಹೀರಿಕೊಂಡರೂ ಲಿವರ್ ಬೇಗ ಬೇಗ ಒಡೆದುಹಾಕಿದರೆ ಮಟ್ಟ ಕಡಿಮೆಯೇ ಕಾಣುತ್ತದೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಾಜೆಪಿನ್ ಮತ್ತು ಫೆನಿಟಾಯಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಖಿನ್ನತೆಗೆಂದು ಕೆಲವರು ತಾವಾಗಿಯೇ ತೆಗೆದುಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ, ಇವೆಲ್ಲಾ ಲಿವರ್‌ನ ಕಿಣ್ವಗಳನ್ನು ಚುರುಕುಗೊಳಿಸಿ ಈಸ್ಟ್ರೋಜೆನ್ನನ್ನು ಬೇಗ ಖಾಲಿ ಮಾಡುತ್ತವೆ. ಮಾತ್ರೆ ನುಂಗುವವರಲ್ಲಿ ಸಿಗರೇಟು ಸೇದುವುದೂ ಇದೇ ಕೆಲಸ ಮಾಡುತ್ತದೆ.

ಇನ್ನು ರಕ್ತ ಪರೀಕ್ಷೆ. ಮೆನೋಪಾಸ್ ಚಿಕಿತ್ಸೆಯ ಮಾರ್ಗಸೂಚಿಗಳು ಎಲ್ಲರಿಗೂ ವಾಡಿಕೆಯಾಗಿ ಎಸ್ಟ್ರಡಯಾಲ್ ಪರೀಕ್ಷೆ ಮಾಡಿಸಿ ಎನ್ನುವುದಿಲ್ಲ. ಲಕ್ಷಣ ನೋಡಿ ಡೋಸ್ ಹೊಂದಿಸಿ ಎನ್ನುತ್ತವೆ. ಇದಕ್ಕೆ ಕಾರಣಗಳಿವೆ. ಜೆಲ್ ಹಚ್ಚುವವರಲ್ಲಿ ಒಂದೇ ದಿನದಲ್ಲೂ ಮಟ್ಟ ಏರಿಳಿಯುತ್ತದೆ. ಮುಟ್ಟು ಪೂರ್ತಿ ನಿಲ್ಲದ, ಏರುಪೇರಿನ ವರ್ಷಗಳಲ್ಲಿ ಅಂಡಾಶಯವೇ ಒಂದು ವಾರ ಧಾರಾಳವಾಗಿ, ಇನ್ನೊಂದು ವಾರ ಏನೂ ಇಲ್ಲ ಎನ್ನುವಂತೆ ಹಾರ್ಮೋನ್ ಬಿಡುತ್ತದೆ. ಆಗ ಪರೀಕ್ಷೆ ಅಳೆಯುವುದು ಜೆಲ್ಲನ್ನೋ ಅಂಡಾಶಯವನ್ನೋ ಹೇಳಲಾಗದು. ಜೆಲ್ ಹಚ್ಚಿದ ತೋಳಿನಿಂದಲೇ ರಕ್ತ ತೆಗೆದರಂತೂ ಚರ್ಮದ ಮೇಲಿನ ಹಾರ್ಮೋನ್ ಸೂಜಿಗೆ ತಾಗಿ ಸಂಖ್ಯೆ ಸುಳ್ಳಾಗಿ ಏರಬಹುದು. ಜೊಲ್ಲಿನ ಪರೀಕ್ಷೆಗೆ ಹಣ ಸುರಿಯುವುದು ಬೇಡವೇ ಬೇಡ.

ಹಾಗಂತ ಪರೀಕ್ಷೆ ಯಾವತ್ತೂ ಬೇಡ ಎನ್ನುವುದೂ ಸರಿಯಲ್ಲ. ಡೋಸ್ ಸಾಕಷ್ಟಿದೆ, ಹಚ್ಚುವ ರೀತಿ ಸರಿಯಿದೆ, ಮೂರು ತಿಂಗಳು ಕಳೆದಿದೆ, ಆದರೂ ಬೆವರು ನಿಂತಿಲ್ಲ. ಅಂಥ ಮಹಿಳೆಗೆ ಒಂದು ಪರೀಕ್ಷೆ ನಿಜವಾದ ಸುಳಿವು ಕೊಡುತ್ತದೆ. ಮಟ್ಟ ತೀರಾ ಕಡಿಮೆ ಇದ್ದರೆ ಜೆಲ್ಲಿನಿಂದ ಪ್ಯಾಚಿಗೆ, ಅಪಾಯ ಇಲ್ಲದವರಾದರೆ ಮಾತ್ರೆಗೆ ಬದಲಾಯಿಸಿ ನೋಡಬಹುದು. ಡೋಸ್ ಏರಿಸುವ ಮೊದಲು ದಾರಿ ಬದಲಿಸುವುದು ಒಳ್ಳೆಯದು. ಮಟ್ಟ ಚೆನ್ನಾಗಿದ್ದೂ ಬೆವರುತ್ತಿದ್ದರೆ ಥೈರಾಯ್ಡ್ ಆಗಿರಬಹುದು, ಬೇರೆ ಔಷಧದ ಪರಿಣಾಮ ಆಗಿರಬಹುದು, ಬೇರೆ ಕಾಯಿಲೆಯೇ ಇರಬಹುದು. ಆಗ ಈಸ್ಟ್ರೋಜೆನ್ ಏರಿಸಿದರೆ ನಿಜವಾದ ಕಾರಣ ಮುಚ್ಚಿಹೋಗುತ್ತದೆ.

ಸಂಖ್ಯೆಯ ಬೆನ್ನು ಹತ್ತಿದರೆ ಏನಾಗುತ್ತದೆ ಎಂದು ಇಂಪ್ಲಾಂಟ್‌ಗಳು ಕಲಿಸಿವೆ. ಚರ್ಮದ ಅಡಿ ಇಡುವ ಎಸ್ಟ್ರಡಯಾಲ್ ಗುಳಿಗೆ ತಿಂಗಳುಗಟ್ಟಲೆ ಹಾರ್ಮೋನ್ ಬಿಡುತ್ತದೆ. ಕೆಲವರಲ್ಲಿ ರಕ್ತದ ಮಟ್ಟ ತುಂಬಾ ಮೇಲಿರುವಾಗಲೇ ಬೆವರು, ಸುಸ್ತು ಮರಳಿ ಬಂದವು. ದೇಹ ಆ ಎತ್ತರದ ಮಟ್ಟಕ್ಕೇ ಒಗ್ಗಿಹೋಗಿತ್ತು. ಅವಧಿಗೆ ಮುಂಚೆಯೇ ಹೊಸ ಗುಳಿಗೆ ಇಟ್ಟಾಗ ಮಟ್ಟ ಇನ್ನೂ ಏರಿತು. ನೆಮ್ಮದಿ ಮಾತ್ರ ಹೆಚ್ಚು ದಿನ ಉಳಿಯಲಿಲ್ಲ.

ಗರ್ಭಕೋಶ ಇರುವವರಿಗೆ ಇನ್ನೊಂದು ಲೆಕ್ಕ

ಅನುಮತಿ ಮೀರಿದ ಡೋಸ್ ಬಗ್ಗೆ ತಜ್ಞರು ಆತಂಕ ಪಡುವುದು ಮುಖ್ಯವಾಗಿ ಗರ್ಭಕೋಶದ ಕಾರಣಕ್ಕೆ. ಈಸ್ಟ್ರೋಜೆನ್ ಅದರ ಒಳಪದರವನ್ನು ಬೆಳೆಸುತ್ತದೆ. ಒಂಟಿ ಈಸ್ಟ್ರೋಜೆನ್‌ನಿಂದ ಆ ಪದರದ ಕ್ಯಾನ್ಸರ್ ಹೆಚ್ಚುತ್ತದೆ ಎಂದು 1975ರಲ್ಲೇ ಗೊತ್ತಾಯಿತು. ಅದಕ್ಕೆ ಕಡಿವಾಣ ಪ್ರೊಜೆಸ್ಟರಾನ್. ಈಸ್ಟ್ರೋಜೆನ್ ಏರಿಸಿ ಪ್ರೊಜೆಸ್ಟರಾನ್ ಹಾಗೇ ಬಿಟ್ಟರೆ ಕಡಿವಾಣ ಸಡಿಲವಾಗುತ್ತದೆ.

ಪ್ರೊಜೆಸ್ಟರಾನ್ ಮೈಗೆ ಹತ್ತುವ ರೀತಿ ಇನ್ನೂ ವಿಚಿತ್ರ. ನುಂಗಿದ ಕ್ಯಾಪ್ಸೂಲಿನ ಬಹುಪಾಲನ್ನು ಲಿವರ್ ಬೇರೆ ಪದಾರ್ಥಗಳಾಗಿ ಬದಲಿಸುತ್ತದೆ. ಅವುಗಳಲ್ಲಿ ಒಂದಾದ ಅಲೋಪ್ರೆಗ್ನನೊಲೋನ್ ಮಿದುಳನ್ನು ಶಾಂತಗೊಳಿಸಿ ನಿದ್ದೆ ತರಿಸುತ್ತದೆ. ಹಾಗಾಗಿ ಮಲಗುವ ಹೊತ್ತಿಗೆ ತೆಗೆದುಕೊಳ್ಳಲು ಹೇಳುತ್ತಾರೆ. ನಿದ್ದೆಗೆಟ್ಟವರಿಗೆ ಇದು ವರ. ಬೆಳಗ್ಗೆ ನುಂಗಿದವರಿಗೆ ತಲೆಸುತ್ತು, ಮಂಪರು. ಊಟದ ಜೊತೆ ನುಂಗಿದರೆ ರಕ್ತ ಸೇರುವ ಪ್ರಮಾಣ ಜಾಸ್ತಿ ಆಗುತ್ತದೆ. ಆದ್ದರಿಂದ ಒಂದು ದಿನ ಊಟದ ಜೊತೆ, ಇನ್ನೊಂದು ದಿನ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಏರುಪೇರು ಖಂಡಿತ. ಕೆಲವು ಕ್ಯಾಪ್ಸೂಲ್‌ಗಳಲ್ಲಿ ಕಡಲೆಕಾಯಿ ಎಣ್ಣೆ ಇರುತ್ತದೆ, ಅಲರ್ಜಿ ಇರುವವರು ಕೇಳಿ ತಿಳಿಯಬೇಕು.

"ನೈಸರ್ಗಿಕ" ಎಂಬ ಹೆಸರಿನಲ್ಲಿ ಮಾರುವ ಪ್ರೊಜೆಸ್ಟರಾನ್ ಕ್ರೀಮ್ ಬಗ್ಗೆ ನೇರವಾಗಿ ಹೇಳುತ್ತೇನೆ: ಚರ್ಮಕ್ಕೆ ಹಚ್ಚುವ ಈ ಕ್ರೀಮ್ ಗರ್ಭಕೋಶದ ಒಳಪದರವನ್ನು ಕಾಯುತ್ತದೆ ಎಂದು ನಂಬಬೇಡಿ. ಅದಕ್ಕೆ ಬೇಕಾದಷ್ಟು ಪ್ರೊಜೆಸ್ಟರಾನ್ ಅದರಿಂದ ಸಿಗುವುದಿಲ್ಲ. ಈಸ್ಟ್ರೋಜೆನ್ ಜೆಲ್ ಚರ್ಮದಿಂದ ಒಳಗೆ ಹೋಗುತ್ತದೆ, ಹಾಗಾದರೆ ಇದೂ ಹೋಗುತ್ತದೆ ಎನ್ನುವ ತರ್ಕ ಇಲ್ಲಿ ನಡೆಯುವುದಿಲ್ಲ. ಪ್ರೊಜೆಸ್ಟರಾನ್ ಕೆಲಸ ಮಾಡಲು ಬೇಕಾದ ಪ್ರಮಾಣ ಬಹಳ ದೊಡ್ಡದು. ಬದಲಿಗೆ, ಗರ್ಭಕೋಶದೊಳಗೆ ಇಡುವ 52 ಮಿಲಿಗ್ರಾಂ ಲೆವೊನೊರ್ಜೆಸ್ಟ್ರೆಲ್ (ಒಂದು ಕೃತಕ ಪ್ರೊಜೆಸ್ಟೋಜೆನ್) ಸಾಧನ ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಬಿಡುತ್ತದೆ. ಬೇಕಾದ ಜಾಗದಲ್ಲೇ ಬಿಡುವುದರಿಂದ ಅಷ್ಟು ಸಾಕು.

ಯೋನಿಯ ಒಣಗುವಿಕೆ, ಉರಿ, ಪದೇ ಪದೇ ಬರುವ ಮೂತ್ರದ ಸೋಂಕು, ಇಷ್ಟೇ ತೊಂದರೆ ಇರುವವರಿಗೂ ಇದೇ ಮಾತು. 10 ಮೈಕ್ರೋಗ್ರಾಂ ಎಸ್ಟ್ರಡಯಾಲ್ ಇರುವ ಸಣ್ಣ ಗುಳಿಗೆಯನ್ನು ಯೋನಿಯಲ್ಲಿ ಇಟ್ಟರೆ ಸಾಕಾಗುತ್ತದೆ. ಮೊದಲ ದಿನಗಳಲ್ಲಿ ಪದರ ತೆಳುವಾಗಿರುವುದರಿಂದ ಸ್ವಲ್ಪ ಹೆಚ್ಚು ರಕ್ತ ಸೇರುತ್ತದೆ. ಪದರ ಗಟ್ಟಿಯಾದಂತೆ ಅದೂ ಇಳಿಯುತ್ತದೆ. ರಕ್ತದ ಮಟ್ಟ ಮೆನೋಪಾಸ್ ನಂತರದ ಸಹಜ ಮಿತಿಯೊಳಗೇ ಇರುತ್ತದೆ. ಆದರೂ ಎರಡು ದಶಕಗಳ ಕಾಲ ಅಮೆರಿಕದಲ್ಲಿ ಈ ಪುಟ್ಟ ಗುಳಿಗೆಯ ಡಬ್ಬಿಯಲ್ಲೂ ದೊಡ್ಡ ಮಾತ್ರೆಗೆ ಹಾಕಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯೇ ಇತ್ತು. ಅದನ್ನು ಓದಿ ಔಷಧ ಮುಟ್ಟದೆ ನೋವು ನುಂಗಿಕೊಂಡ ಮಹಿಳೆಯರನ್ನು ನೆನೆದರೆ ಸಂಕಟವಾಗುತ್ತದೆ. 2025ರ ನವೆಂಬರ್‌ನಲ್ಲಿ ಎಫ್‌ಡಿಎ ಆ ಚೌಕಟ್ಟಿನ ಎಚ್ಚರಿಕೆಗಳನ್ನು ತೆಗೆಸಲು ಮುಂದಾಯಿತು. ಇಡೀ ದೇಹಕ್ಕೆ ಹೋಗುವ ಒಂಟಿ ಈಸ್ಟ್ರೋಜೆನ್‌ಗೆ ಗರ್ಭಕೋಶದ ಕ್ಯಾನ್ಸರ್ ಎಚ್ಚರಿಕೆ ಮಾತ್ರ ಉಳಿಯುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ಯೋನಿಯ ಈಸ್ಟ್ರೋಜೆನ್ ಶುರು ಮಾಡುವ ಮೊದಲು ತಮ್ಮ ಕ್ಯಾನ್ಸರ್ ತಜ್ಞರನ್ನು ಕೇಳಲೇಬೇಕು.

ದಾರಿ ಬದಲಿಸುವಾಗ ಉಳಿದ ಔಷಧಗಳ ಪಟ್ಟಿಯನ್ನೂ ಡಾಕ್ಟರ್ ಮುಂದೆ ಇಡಿ. ಮೂರ್ಛೆಗೆ ಲ್ಯಾಮೊಟ್ರಿಜಿನ್ ತೆಗೆದುಕೊಳ್ಳುವವರಲ್ಲಿ ಈಸ್ಟ್ರೋಜೆನ್ ಆ ಔಷಧದ ಮಟ್ಟವನ್ನೇ ಇಳಿಸಬಹುದು. ಥೈರಾಯ್ಡ್ ಮಾತ್ರೆ ನುಂಗುವವರು ಈಸ್ಟ್ರೋಜೆನ್ ಮಾತ್ರೆ ಶುರು ಮಾಡಿದರೆ, ಥೈರಾಯ್ಡ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನನ್ನು ಲಿವರ್ ಜಾಸ್ತಿ ಮಾಡುತ್ತದೆ. ಇದುವರೆಗೆ ಸಾಕಾಗುತ್ತಿದ್ದ ಥೈರಾಯ್ಡ್ ಡೋಸ್ ಸಾಲದೆ ಹೋಗಬಹುದು. ಸುಸ್ತು, ತೂಕ ಏರಿಕೆ ಶುರುವಾದಾಗ ಅದನ್ನೂ ಮೆನೋಪಾಸ್ ಲೆಕ್ಕಕ್ಕೆ ಹಾಕಿ ಸುಮ್ಮನಾಗುವ ಸಾಧ್ಯತೆ ಇದೆ. ಪ್ಯಾಚ್‌ನಲ್ಲಿ ಈ ತೊಂದರೆ ಸಾಮಾನ್ಯವಾಗಿ ಕಾಣುವುದಿಲ್ಲ. ಈಸ್ಟ್ರೋಜೆನ್ ಮಾತ್ರೆ ಶುರು ಮಾಡಿದ ಕೆಲವು ವಾರಗಳ ನಂತರ ಒಮ್ಮೆ, ಮುಂದೆ ಮಾತ್ರೆಯಿಂದ ಪ್ಯಾಚಿಗೆ ಬದಲಾದರೆ ಇನ್ನೊಮ್ಮೆ ಥೈರಾಯ್ಡ್‌ನ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ.